ನೈಲಾನ್ ಶಿವದಾರ

ಲಾರಿ ಟ್ಯೂಬಿಗೆ ಸೈಕಲ್ ಪಂಪಿನಲ್ಲಿ ಗಾಳಿ ತುಂಬುವುದೆಂದರೆ ಆನೆಮರಿಗೆ ಒಳಲೆಯಲ್ಲಿ ಹಾಲು ಕುಡಿಸಿದ ಹಾಗೆ. ಹೋದ ಡಿಸೆಂಬರ್ ರಜೆಯಲ್ಲಿ ನಾವು ಮೂವರು ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಕೂತು ಆ ಕೆಲಸ ಮಾಡಿದೆವು. ಶುರು ಮಾಡಿದಾಗ ನನಗೆ ಮೀಸೆ ಇರಲಿಲ್ಲ, ಮುಗಿಸುವಷ್ಟರಲ್ಲಿ ತಿರುವಿಕೊಳ್ಳುವಷ್ಟು ಬಂದಿತ್ತು. ನಾಲ್ಕು ಟ್ಯೂಬು, ಅವುಗಳ ಮೇಲೆ ಅಡ್ಡಡ್ಡ ಬೊಂಬು, ಬೊಂಬಿಗೆ ಹಗ್ಗ. ಅದೇ ನಮ್ಮ ತೆಪ್ಪ. ಅದರ ಮೇಲೆ ಕೂತು ಹೊಳೆಗುಂಟ ತೇಲಿಕೊಂಡು ತಿರುಮಕೂಡಲಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಬೆಂಗಳೂರಿಗೆ ವಾಪಸಾಗುವುದು ನಮ್ಮ ಲೆಕ್ಕಾಚಾರ. ಮೂರು ದಿನವೋ ನಾಲ್ಕು ದಿನವೋ, ಅದು ಹೊಳೆಗೆ ಬಿಟ್ಟದ್ದು.

ಟ್ಯೂಬು ತಂದವನು ಮೂಡಲಪಾಳ್ಯದವನು. ಅವನ ಚಿಕ್ಕಪ್ಪ ಮಾಗಡಿ ರಸ್ತೆಯಲ್ಲಿ ಪಂಕ್ಚರ್ ಹಾಕುತ್ತಾರೆ. ತೋಟದ ಬಾವಿಯಲ್ಲಿ ಈಜು ಕಲಿತವನು, ಮಾತು ಕಡಿಮೆ. ಇನ್ನೊಬ್ಬ ರಾಜಾಜಿನಗರದಲ್ಲಿ ನಮ್ಮ ಪಕ್ಕದ ಬೀದಿಯವನು. ದಾವಣಗೆರೆಯಿಂದ ಬಂದ ಲಿಂಗಾಯತರ ಮನೆ, ತಂದೆಗೆ ಬಟ್ಟೆ ವ್ಯಾಪಾರ. ಅವನನ್ನು ಎಲ್ಲರೂ ದಾವಣಗೆರೆ ಎಂದೇ ಕರೆಯುತ್ತೇವೆ. ಕಾಲೇಜಿಗೆ ಬರುವ ಮೊದಲು ಮನೆಯಲ್ಲಿ ಒಂದು ತಿಂಡಿ, ಕಾಲೇಜಿನ ಕ್ಯಾಂಟೀನಿನಲ್ಲಿ ಒಂದು, ಮಧ್ಯೆ ಫಿಸಿಕ್ಸ್ ಲ್ಯಾಬಿನಲ್ಲಿ ಜೇಬಿನಿಂದ ಮಂಡಕ್ಕಿ. ಅವನಿಗೆ ಹಸಿವಾಗದ ಗಳಿಗೆಯನ್ನು ನಾನು ಕಂಡಿಲ್ಲ.

ಅವನ ಅಮ್ಮ ಕಳಿಸಲು ಒಪ್ಪಿದ್ದೇ ದೊಡ್ಡದು. ಹೊರಡುವ ಹಿಂದಿನ ಸಂಜೆ ನಾನು ಅವರ ಮನೆಯಲ್ಲಿದ್ದೆ. ಅವನು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುತ್ತಾನೆ. ನಿಂಬೆಹಣ್ಣಿನ ಗಾತ್ರದ ಬೆಳ್ಳಿ ಕರಡಿಗೆ, ಒಳಗೆ ಕಪ್ಪು ಲಿಂಗ, ಎದೆಯ ಮೇಲೆ ಶಿವದಾರದಿಂದ ತೂಗುತ್ತದೆ. ಹಸುಗೂಸಾಗಿದ್ದಾಗ ಕಟ್ಟಿದ್ದು. ಮೈಮೇಲಿಂದ ತೆಗೆಯುವಂತಿಲ್ಲ. ಅಮ್ಮ ಹಿತ್ತಲಿನ ಬಟ್ಟೆ ಒಣಗಿಸುವ ನೈಲಾನ್ ಹಗ್ಗದಿಂದ ಎಳೆ ಬಿಡಿಸಿ, ಅದನ್ನು ನೂಲಿನ ದಾರದ ಜೊತೆ ಜಡೆಯ ಹಾಗೆ ಹೆಣೆದು, ಅವನ ಕೊರಳಿಗೆ ಕಟ್ಟುತ್ತಿದ್ದರು. ಅವನು ಮೂಗುದಾರ ಹಾಕಿಸಿಕೊಳ್ಳುವ ಹೋರಿಯ ಹಾಗೆ ತಲೆ ತಗ್ಗಿಸಿ ನಿಂತಿದ್ದ.

"ಇದನ್ನ ಹರಿಯಾಕ ಈಗ ಬುಲ್ಡೋಜರೇ ಬರಬೇಕು ಆಂಟಿ," ಎಂದೆ ನಾನು, ಅವರ ಭಾಷೆಯನ್ನು ಅಣಕಿಸುತ್ತ.

ಅವರು ನಗಲಿಲ್ಲ. "ನೀರಿನಾಗ ಆಟ ಆಡ್ರಿ, ಬ್ಯಾಡ ಅನ್ನಂಗಿಲ್ಲ. ಲಿಂಗ ಮಾತ್ರ ಜ್ವಾಕಿ. ಅದು ಮೈಮ್ಯಾಗ ಇಲ್ಲಂದ್ರ ಬಾಯಾಗ ಒಂದು ಹನಿ ನೀರು ಹಾಕ್ಕೊಳ್ಳಂಗಿಲ್ಲ. ನಿಮಗೂ ನೆಪ್ಪಿರ್ಲಿ."

ಆಮೇಲೆ ಒಂದು ಡಬ್ಬದ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟರು. ಆ ರೊಟ್ಟಿ ಎಷ್ಟು ಗಟ್ಟಿಯೆಂದರೆ, ತೆಪ್ಪ ಮುಳುಗಿದರೆ ಒಬ್ಬೊಬ್ಬರು ಒಂದೊಂದು ರೊಟ್ಟಿಯ ಮೇಲೆ ಕೂತು ದಡ ಸೇರಬಹುದಿತ್ತು.

ಮೊದಲ ದಿನ ತೆಪ್ಪ ನಮ್ಮನ್ನು ಹೊತ್ತದ್ದಕ್ಕಿಂತ ನಾವು ಅದನ್ನು ಹೊತ್ತದ್ದೇ ಹೆಚ್ಚು. ಒಂದು ಕಡೆ ಮಂಡಿಯುದ್ದ ನೀರು, ಇನ್ನೊಂದು ಕಡೆ ಬರೀ ಮರಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ದಡದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಒಬ್ಬ ಮುದುಕ, "ಏನ್ರಪ್ಪಾ, ಟ್ಯೂಬ್ ಐತೆ, ಲಾರಿ ಎಲ್ಲಿ ಕಳ್ಕಂಡ್ರಿ?" ಎಂದು ಕೇಳಿದ. ಅಂಥ ಮಾತಿಗೆ ತಕ್ಷಣ ಉತ್ತರ ಹುಟ್ಟದೇ ಇದ್ದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಎರಡನೆಯ ದಿನ ಬೆಳಿಗ್ಗೆ ಕಟ್ಟೆ ಎದುರಾಯಿತು. ಹೊಳೆಗೆ ಅಡ್ಡಲಾಗಿ ಯಾವುದೋ ಕಾಲದಲ್ಲಿ ಕಲ್ಲು ಪೇರಿಸಿ ಕಟ್ಟಿದ್ದು. ನೀರು ಅದರ ಮೇಲೆ ಹಾಯ್ದು ಆಚೆಯ ಮಡುವಿಗೆ ಬೀಳುತ್ತಿತ್ತು. ಹಿಂದಿನ ದಿನ ಇಂಥದೇ ಕಟ್ಟೆಯನ್ನು ತೆಪ್ಪ ಹೊತ್ತು ದಾಟಿದ್ದರಿಂದ ಮೂವರ ಹೆಗಲೂ ಕಿತ್ತುಹೋಗಿದ್ದವು. ಒಂದು ಕಡೆ ಕಲ್ಲು ಜಾರಿ ಕಂಡಿಯಾಗಿ, ನೀರು ನುಣ್ಣಗೆ ಬಾಗಿ ಇಳಿಯುತ್ತಿತ್ತು.

"ಅಲ್ಲೇ ಬಿಟ್ಬಿಡೋಣ ಕಣೋ," ಎಂದ ದಾವಣಗೆರೆಯವನು. ಮೂಡಲಪಾಳ್ಯದವನು ನೀರು ನೋಡಿ ಆಗಲೆಂದು ತಲೆಯಾಡಿಸಿದ. ನಾನಂತೂ ಆಗಲೇ ಕಾಲೇಜಿನಲ್ಲಿ ಇದನ್ನು ಹೇಗೆ ವರ್ಣಿಸುವುದೆಂದು ಯೋಚಿಸುತ್ತಿದ್ದೆ.

ತೆಪ್ಪ ಕಂಡಿಯಲ್ಲಿ ಮೂಗು ಕೆಳಗೆ ಮಾಡಿ ಇಳಿಯಿತು. ಮುಂದಿನ ಬೊಂಬು ಎರಡು ಕಲ್ಲಿನ ನಡುವೆ ಸಿಕ್ಕಿಕೊಂಡಿತು. ಹಿಂದಿನಿಂದ ನೀರು ನೂಕಿತು. ನಾನು ಗಾಳಿಯಲ್ಲಿ ಹಾರಿ ಮಡುವಿಗೆ ಬಿದ್ದೆ. ಎದ್ದು ಮೂಗು ಸೀಟಿಕೊಂಡು ನಗಬೇಕೆನ್ನುವಷ್ಟರಲ್ಲಿ ನೋಡಿದರೆ ತೆಪ್ಪ ನೆಟ್ಟಗೆ ನಿಂತಿದೆ, ಅದರ ಅಡಿಯಿಂದ ಒಂದು ಕೈ ಮಾತ್ರ ಕಾಣುತ್ತಿದೆ. ಆ ಕೈ ಬೊಂಬನ್ನು ಹಿಡಿಯುತ್ತಿತ್ತು, ಬಿಡುತ್ತಿತ್ತು.

ಶಿವದಾರ ಬೊಂಬಿನ ಸೀಳಿದ ತುದಿಗೆ ಸಿಕ್ಕಿಕೊಂಡಿತ್ತು. ತಲೆ ನೀರೊಳಗೆ. ನೀರು ಅವನ ಮೈಯನ್ನು ಕೆಳಕ್ಕೆ ಎಳೆಯುತ್ತಿತ್ತು, ದಾರ ಕೊರಳನ್ನು ಅಲ್ಲೇ ಹಿಡಿದಿತ್ತು. ಬರೀ ನೂಲಿನ ದಾರವಾಗಿದ್ದರೆ ಅಷ್ಟು ಎಳೆತಕ್ಕೆ ತಾನಾಗಿ ಹರಿದುಹೋಗುತ್ತಿತ್ತು. ಅಮ್ಮ ಹೆಣೆದ ನೈಲಾನು ಹರಿಯಲಿಲ್ಲ.

ಮೂಡಲಪಾಳ್ಯದವನು ಕಲ್ಲನ್ನು ತಬ್ಬಿಕೊಂಡು ಅವನ ಹತ್ತಿರ ಹೋದ. ಬೊಂಬು ಅಲುಗಾಡಿಸಿ ನೋಡಿದ, ದಾರವನ್ನು ತಲೆಯ ಮೇಲಿಂದ ತೆಗೆಯಲು ನೋಡಿದ. ಆಮೇಲೆ ಸೊಂಟದಿಂದ ಚಾಕು ತೆಗೆದ. ಹಗ್ಗ ಕುಯ್ಯಲೆಂದು ಇಟ್ಟುಕೊಂಡದ್ದು. ಒಮ್ಮೆ ಎಳೆದ, ನೂಲು ಬಿಟ್ಟುಕೊಂಡಿತು. ನೈಲಾನಿಗೆ ಇನ್ನೆರಡು ಸಲ ಎಳೆಯಬೇಕಾಯಿತು.

ಇಬ್ಬರೂ ಸೇರಿ ಅವನನ್ನು ದಡಕ್ಕೆ ಎಳೆತಂದೆವು. ಬೋರಲು ಹಾಕಿ ಬೆನ್ನು ಒತ್ತಿದೆವು. ನೀರು ಕಕ್ಕಿದ, ಕೆಮ್ಮಿದ, ಉಸಿರು ಬಂತು. ಉಸಿರು ಬಂದ ಮರುಗಳಿಗೆ ಅವನ ಕೈ ಎದೆಗೆ ಹೋಯಿತು. ಎದೆಯ ಮೇಲೆ ತಡಕಿತು, ಕೊರಳಿಗೆ ಹೋಯಿತು. ಕೊರಳ ಸುತ್ತ ಬರೆ ಹಾಕಿದ ಹಾಗೆ ಕೆಂಪು ಗೆರೆಯೊಂದೇ ಇತ್ತು.

"ಎಲ್ಲೋ?"

ನಾನು ಮೂಡಲಪಾಳ್ಯದವನ ಕಡೆ ನೋಡಿದೆ.

"ಹರಿದೋಯ್ತಾ?"

"ಕತ್ತರಿಸ್ದೆ," ಎಂದ ಮೂಡಲಪಾಳ್ಯದವನು. ಚಾಕು ಇನ್ನೂ ಕೈಯಲ್ಲೇ ಇತ್ತು.

ದಾವಣಗೆರೆಯವನು ಅವನನ್ನೇ ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನು ನಡುವೆ ಬಾಯಿ ಹಾಕಿ ಏನಾದರೂ ಮಾಡುತ್ತಿದ್ದೆ. ಅವನು ಎದ್ದು ಮತ್ತೆ ನೀರಿಗೆ ಇಳಿದ.

ಹೊತ್ತು ಇಳಿಯುವ ತನಕ ಮೂವರೂ ಮುಳುಗಿ ಹುಡುಕಿದೆವು. ಮಡುವಿನಲ್ಲಿ ಹೊಳೆದದ್ದೆಲ್ಲ ಮೀನು, ಇಲ್ಲವೇ ಒಡೆದ ಬಾಟಲಿ. ಮಧ್ಯಾಹ್ನ ಕಳೆದ ಮೇಲೆ ಮೂಡಲಪಾಳ್ಯದವನು ಮುಷ್ಟಿ ಬಿಗಿಹಿಡಿದು ಮೇಲೆ ಬಂದ. ಬೆಳ್ಳಿ ಕರಡಿಗೆ! ನಾನು ನೀರಿನಲ್ಲೇ ಕುಣಿದೆ. ದಾವಣಗೆರೆಯವನು ಓಡಿಬಂದು ಎರಡೂ ಕೈ ಚಾಚಿದ. ಮುಚ್ಚಳ ತೆರೆದಿತ್ತು, ಒಳಗೆ ಮರಳು. ಅವನು ಮರಳನ್ನು ಅಂಗೈಗೆ ಸುರಿದುಕೊಂಡು ಬೆರಳಿನಲ್ಲಿ ಕೆದಕಿದ. ಇರಲಿಲ್ಲ.

ಕಟ್ಟೆಯ ಕೆಳಗೆ, ಮಡುವಿನ ತಳದ ತುಂಬ, ನೀರು ಸವೆಸಿದ ಕಪ್ಪು ಕಲ್ಲುಗಳು. ನೇರಳೆಹಣ್ಣಿನಂಥವು, ಹುಣಸೆಬೀಜದಂಥವು, ಸಾವಿರ ಸಾವಿರ. ಮೂಡಲಪಾಳ್ಯದವನು ಬೊಗಸೆಯಲ್ಲಿ ತಂದು ತಂದು ದಡದಲ್ಲಿ ಸುರಿದ. ದಾವಣಗೆರೆಯವನು ಒಂದೊಂದನ್ನೇ ಎತ್ತಿ ನೋಡಿ ಪಕ್ಕಕ್ಕೆ ಇಟ್ಟ.

"ಇಷ್ಟೊಂದಿದಾವಲ್ಲ ಮಗಾ, ಒಂದನ್ನ ಆರಿಸ್ಕೊಂಡ್ಬಿಡು," ಎಂದೆ. ಇಬ್ಬರೂ ತಲೆ ಎತ್ತಲಿಲ್ಲ. ನಾನೂ ಕೂತು ಕಲ್ಲು ಆರಿಸತೊಡಗಿದೆ.

ಸಂಜೆ, ಬೊಂಬಿಗೆ ಬಿಗಿದು ಕಟ್ಟಿದ್ದರಿಂದ ಉಳಿದಿದ್ದ ರೊಟ್ಟಿ ಡಬ್ಬ ತೆಗೆದೆ. ದಾವಣಗೆರೆಯವನು ಬೇಡವೆಂದು ಕೈಯಾಡಿಸಿದ. ನೀರೂ ಮುಟ್ಟಲಿಲ್ಲ. ಅವನ ಪಾದದ ಬುಡದಲ್ಲೇ ಇಡೀ ಕಾವೇರಿ ಹರಿಯುತ್ತಿತ್ತು.

"ಲೋ, ನೀನು ಇಂಜಿನಿಯರಿಂಗ್ ಓದ್ಬೇಕು ಅಂತಿರೋನು. ಇಲ್ಲಿ ಯಾರು ನೋಡ್ತಾರೋ?" ಎಂದೆ.

"ನಾನ್ ನೋಡ್ತೀನಲ್ಲ," ಎಂದ. "ನನಗೂ ಇಷ್ಟು ಆಗುತ್ತೆ ಅಂತ ಗೊತ್ತಿರ್ಲಿಲ್ಲ ಕಣೋ. ಮೈ ಮೇಲೆ ಏನೂ ಇಲ್ಲದಂಗೆ ಅನ್ಸುತ್ತೆ. ಉಣ್ಣೋಕೆ ಬಾಯೇ ಬರಲ್ಲ."

ಮೂಡಲಪಾಳ್ಯದವನಿಗೆ ರೊಟ್ಟಿ ಕೊಡಲು ಹೋದೆ. ಅವನು ದೂರದಲ್ಲಿ, ಕಲ್ಲಿನಿಂದ ಬಿಡಿಸಿ ತಂದ ತೆಪ್ಪದ ಹಗ್ಗ ಬಿಗಿಯುತ್ತಿದ್ದ. "ನಾನ್ ಕತ್ತರಿಸಿದ್ದು. ಅವ್ನು ತಿನ್ನೋವರ್ಗೂ ನಂಗೂ ಬೇಡ," ಎಂದ, ದಾವಣಗೆರೆಯವನಿಗೆ ಕೇಳಿಸದ ಹಾಗೆ.

ನಾನು ಮರದ ಹಿಂದೆ ಹೋಗಿ ಒಬ್ಬನೇ ತಿಂದೆ. ಆ ರೊಟ್ಟಿ ಮುರಿದ ಸದ್ದು ಆಚೆ ದಡದ ಊರಿಗೂ ಕೇಳಿಸಿರಬೇಕು. ತಿಂದು ಬಂದು ಒಬ್ಬನೇ ಮಾತಾಡಿದೆ. ಯಾವ ಯಾವ ಮೇಷ್ಟರ ನಡಿಗೆ ಬರುತ್ತಿತ್ತೋ ಎಲ್ಲವನ್ನೂ ಮಾಡಿ ತೋರಿಸಿದೆ. ಅವರಿಬ್ಬರ ನಡುವೆ ಒಂದು ಮಾತೂ ಹುಟ್ಟಲಿಲ್ಲ.

ಬೆಳಿಗ್ಗೆ ಮೀನು ಹಿಡಿಯುವವನೊಬ್ಬ ಬಂದ. ನಮ್ಮ ಕಥೆ ಕೇಳಿ, "ಆಚೆ ದಡದಾಗೆ ಅಯ್ನೋರ ಮನೆ ಐತೆ. ಲಿಂಗ ಕಟ್ಟೋದು ಅವ್ರೇ. ಹೊಳೆಗುಂಟ ಕೆಳಿಕ್ ವೋಗಿ, ದೊಡ್ಡ ಆಲದಮರ ಸಿಕ್ತದೆ," ಎಂದ. ದಾವಣಗೆರೆಯವನು ಮಡುವನ್ನು ಒಮ್ಮೆ ನೋಡಿ, ಸುಮ್ಮನೆ ಎದ್ದು ತೆಪ್ಪದ ಮೇಲೆ ಕೂತ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ತುಟಿ ಒಡೆದಿದ್ದವು. ತೆಪ್ಪ ನೂಕಲು ಗಳ ಹಾಕಿದ್ದೆಲ್ಲ ಮೂಡಲಪಾಳ್ಯದವನೇ. ಆ ದಿನ ನೀರು ತುಂಬಾ ಚೆನ್ನಾಗಿತ್ತು. ಬೆಳ್ಳಕ್ಕಿಗಳು, ಎರಡೂ ಕಡೆ ಕುಯ್ಲಿಗೆ ಬಂದ ಗದ್ದೆ. ನಾವು ಬೆಂಗಳೂರಿನಲ್ಲಿ ಕೂತು ಕನಸು ಕಂಡದ್ದು ಅಂಥ ದಿನವನ್ನೇ. ಯಾರೂ ನೋಡಲಿಲ್ಲ.

ಅಯ್ನೋರು ಕಣದಲ್ಲಿ ರಾಗಿ ತೂರುತ್ತಿದ್ದರು, ಗಡ್ಡದ ತುಂಬ ಹೊಟ್ಟು. ವಿಷಯ ಹೇಳಿದೆವು.

"ಯಾವಾಗಿಂದ ಉಪವಾಸ?"

"ನಿನ್ನೆ ಬೆಳಿಗ್ಗೆಯಿಂದ," ಎಂದ ದಾವಣಗೆರೆಯವನು.

"ನೀರೂ ಕುಡಿದಿಲ್ವಾ?"

"ಮುಳುಗಿದಾಗ ಕುಡಿದಿದ್ದಷ್ಟೇ ಸ್ವಾಮಿ," ಎಂದುಬಿಟ್ಟೆ ನಾನು. ಅಯ್ನೋರು ಗಟ್ಟಿಯಾಗಿ ನಕ್ಕರು. ಎರಡು ದಿನದಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ನನಗೆ ಅಳು ಬರುವ ಹಾಗಾಯಿತು.

ಊರಿನ ಕೂಸುಗಳಿಗೆ ಕಟ್ಟಲೆಂದು ಅವರ ಹತ್ತಿರ ಲಿಂಗಗಳಿದ್ದವು. ಸ್ನಾನ ಮಾಡಿ ಬಂದು, ಅವನನ್ನು ಎದುರಿಗೆ ಕೂರಿಸಿಕೊಂಡು ಪೂಜೆ ಮಾಡಿದರು. ಖಾಲಿ ಕರಡಿಗೆಯಲ್ಲೇ ಹೊಸ ಲಿಂಗವನ್ನಿಟ್ಟು, ಬಿಳಿಯ ನೂಲಿನ ದಾರ ಪೋಣಿಸಿ ಕಟ್ಟಿದರು. "ಊರಿಗೆ ವೋದ್ಮೇಲೆ ನಿಮ್ಮ ಗುರುಗಳಿಗೆ ಒಂದ್ ಮಾತು ಹೇಳಪ್ಪ. ಈಗ ಉಣ್ಣು," ಎಂದರು. ಅವನು ಕರಡಿಗೆಯನ್ನು ಕಣ್ಣಿಗೊತ್ತಿಕೊಂಡ.

ಅಯ್ನೋರ ಹೆಂಡತಿ ಎಲೆ ಹಾಕಿ ಬಿಸಿ ಮುದ್ದೆ, ಅವರೆಕಾಳು ಸಾರು ಬಡಿಸಿದರು. ಮೂಡಲಪಾಳ್ಯದವನು ಒಳಗೆ ಬಂದಿರಲಿಲ್ಲ. ಜಗಲಿಯ ತುದಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ. "ಒಳಿಕ್ ಬಾ ಮಗ," ಎಂದು ಆಕೆ ಎಷ್ಟು ಕರೆದರೂ, "ಇರ್ಲಿ ಬಿಡೀಮ್ಮ, ಹಸಿವಿಲ್ಲ," ಎಂದ.

"ಅವನೂ ನಿನ್ನೆಯಿಂದ ತಿಂದಿಲ್ಲ ಕಣೋ," ಎಂದು ದಾವಣಗೆರೆಯವನ ಕಿವಿಯಲ್ಲಿ ಹೇಳಿದೆ. "ನೀನು ತಿಂದ್ಮೇಲೇ ಅಂತೆ."

ಮುದ್ದೆಯ ಹತ್ತಿರ ಹೋಗಿದ್ದ ಕೈ ನಿಂತಿತು. ಅವನು ಎಲೆಯನ್ನು ಎರಡೂ ಕೈಯಲ್ಲಿ ಹುಷಾರಾಗಿ ಎತ್ತಿಕೊಂಡು ಜಗಲಿಗೆ ಹೋದ. ಪಕ್ಕದಲ್ಲಿ ಕೂತು ಎಲೆಯನ್ನು ನಡುವೆ ಇಟ್ಟ. ನಾನು ಹೊಸ್ತಿಲಲ್ಲಿ ನಿಂತೆ.

"ಇದು ಮತ್ತೆ ಹಂಗೇ ಸಿಕ್ಕಾಕೊಂಡ್ರೆ ಏನ್ ಮಾಡ್ತೀಯ?" ಎಂದ, ಹೊಸ ದಾರವನ್ನು ಬೆರಳಿನಲ್ಲಿ ಹಿಡಿದು.

ನನ್ನ ತಲೆಯಲ್ಲಿ ಆ ಗಳಿಗೆಗೆ ಏಳೆಂಟು ಒಳ್ಳೆಯ ಉತ್ತರಗಳು ಸಾಲಾಗಿ ನಿಂತಿದ್ದವು, ಒಂದಕ್ಕಿಂತ ಒಂದು ನಯವಾದವು. ಮೂಡಲಪಾಳ್ಯದವನ ಬಾಯಿಗೆ ಒಂದನ್ನಾದರೂ ತುರುಕಿಬಿಡಬೇಕೆನಿಸಿತು.

ಮೂಡಲಪಾಳ್ಯದವನು ಯೋಚಿಸಿದ. "ಕತ್ತರಿಸ್ತೀನಿ," ಎಂದ.

"ನಮ್ಮಮ್ಮ ಅಲ್ಲೇ ನಿಂತಿದ್ರೂ?"

"ನಿಂತಿದ್ರೂ."

ದಾವಣಗೆರೆಯವನು ಅವನ ಮುಖ ನೋಡಿದ. ಆಮೇಲೆ ಹೊಳೆಯ ಕಡೆ ನೋಡಿದ.

"ಅಮ್ಮಂಗೆ ನಾನೇ ಹೇಳ್ತೀನಿ," ಎಂದ. "ನೀನೂ ಜೊತೆಗೆ ಬಾ."

"ಬರ್ತೀನಿ."

ಅವನು ಮುದ್ದೆಯನ್ನು ಎರಡು ಮಾಡಿದ. ತನ್ನ ಅರ್ಧದಿಂದ ಒಂದು ತುತ್ತು ಮುರಿದು, ಎದೆಯ ಮೇಲಿನ ಕರಡಿಗೆಗೆ ತೋರಿಸಿ, ಸಾರಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡ. ಅದನ್ನು ನುಂಗುವುದು ದಾವಣಗೆರೆಯವರಿಗೆ ಬರುವುದಿಲ್ಲ, ಜಗಿದ. ಕೆಂಪು ಗೆರೆ ಬಿದ್ದ ಕೊರಳಿನಲ್ಲಿ ಅದು ನೋಯುತ್ತ ಇಳಿದದ್ದು ನನಗೆ ಕಂಡಿತು.

ಅದು ಇಳಿದ ಮೇಲೆ ಮೂಡಲಪಾಳ್ಯದವನು ಎಲೆಗೆ ಕೈ ಹಾಕಿದ.