ಗಿರಗಿಟ್ಲೆ ತಿರುವಿದ ಬಾಟಲಿಗಳು

ನನ್ನ ಭಾವಮೈದುನ ಜೀವಮಾನದಲ್ಲಿ ತಿರುವಿದ ಬಾಟಲಿಗಳನ್ನೆಲ್ಲ ಒಂದರ ಮೇಲೊಂದು ನಿಲ್ಲಿಸಿದರೆ ಚಂದ್ರನಿಗೆ ತಗುಲಿ, ಅಲ್ಲಿಂದ ಬಾಗಿ, ವಾಪಸು ನಮ್ಮ ಮನೆಯ ಬಾಗಿಲಿಗೆ ಬರುತ್ತವೆ. ಕೇಳಿದವರು ನಕ್ಕರೆ ಅರ್ಧಕ್ಕೆ ಇಳಿಸಲು ಸಿದ್ಧನಿದ್ದೇನೆ. ಅದಕ್ಕಿಂತ ಒಂದು ಬಾಟಲಿಯೂ ಕೆಳಗಿಳಿಯುವುದಿಲ್ಲ. ಮೂವತ್ತೊಂದು ವರ್ಷ ಅವನು ಮಾಡಿದ್ದು ಅದೊಂದೇ ಕೆಲಸ.

ನಮ್ಮದು ನೊರೆಯುಕ್ಕುವ ವೈನ್ ಮಾಡುವ ಹಳೆಯ ಸಂಸ್ಥೆ. ಈ ವೈನ್‌ಗೆ ಗುಳ್ಳೆ ಹುಟ್ಟುವುದು ಬಾಟಲಿಯ ಒಳಗೇ. ಯೀಸ್ಟು, ಚೂರು ಸಕ್ಕರೆ ಹಾಕಿ ಮುಚ್ಚಳ ಬಿಗಿದು ನೆಲಮಾಳಿಗೆಯಲ್ಲಿ ಮಲಗಿಸಿಬಿಡುತ್ತಾರೆ. ಯೀಸ್ಟು ತನ್ನ ಕೆಲಸ ಮುಗಿಸಿ ಅಲ್ಲೇ ಸಾಯುತ್ತದೆ, ಗಸಿಯಾಗಿ ತಳ ಸೇರುತ್ತದೆ. ವರ್ಷಗಟ್ಟಲೆ ಆ ಗಸಿಯ ಜೊತೆ ಮಲಗಿದ್ದರೇ ವೈನ್‌ಗೆ ರುಚಿ. ಆದರೆ ಗಸಿ ಸಮೇತ ಗ್ಲಾಸಿಗೆ ಸುರಿದರೆ ಯಾರು ಕುಡಿಯುತ್ತಾರೆ, ಪಾತ್ರೆ ತೊಳೆದ ನೀರಿನಂತೆ ಕಾಣುತ್ತದೆ. ಅದಕ್ಕೇ ಬಾಟಲಿಗಳನ್ನು ತೂತಿನ ಹಲಗೆಗಳಿಗೆ ಕತ್ತು ಸಿಕ್ಕಿಸಿ, ದಿನಕ್ಕೆ ಸುತ್ತಿನ ಎಂಟನೇ ಒಂದು ಭಾಗ ತಿರುವುತ್ತಾ, ಕೂದಲೆಳೆಯಷ್ಟು ಬಗ್ಗಿಸುತ್ತಾ, ಎರಡು ತಿಂಗಳಲ್ಲಿ ತಲೆಕೆಳಗಾಗಿ ನಿಲ್ಲಿಸಬೇಕು. ಗಸಿಯೆಲ್ಲ ಜಾರಿ ಮುಚ್ಚಳದ ಹತ್ತಿರ ಬಂದು ಕೂರುತ್ತದೆ. ತಿರುವುವುದು ಅವನ ಕೆಲಸ. ಆಮೇಲೆ ಬಾಟಲಿಯನ್ನು ದೀಪಕ್ಕೆ ಹಿಡಿದು ನೋಡಿ, ಮುಚ್ಚಳ ಕಿತ್ತು, ಗಸಿಯನ್ನು ಹಾರಿಸುವುದು ನನ್ನ ಕೆಲಸ. ನನ್ನ ಮುಚ್ಚಳದ ಸದ್ದಿಗೆ ಮೂರು ಬೀದಿಯಾಚೆಯ ಕ್ಷೌರಿಕ ಬೆಚ್ಚಿ ಒಬ್ಬರ ಮೀಸೆಯನ್ನೇ ಎಗರಿಸಿದ್ದಾನೆ ಎಂದರೆ ನೀವು ನಂಬಬೇಕು.

ಎಲ್ಲರೂ ಅವನನ್ನು ಗಿರಗಿಟ್ಲೆ ಅನ್ನುತ್ತಿದ್ದರು. ಹೆಸರಿಟ್ಟವಳು ಅವನ ಹೆಂಡತಿಯೇ. ಅವಳು ದ್ರಾಕ್ಷಿ ಕೊಯ್ಯುವ ಗುಂಪಿನಲ್ಲಿದ್ದಳು. ಕೈ ಕತ್ತರಿಯಷ್ಟು ಚುರುಕು, ಬಾಯಿ ಎರಡು ಕತ್ತರಿಯಷ್ಟು.

"ನನ್ನ ಕೈ ಹಿಡಿದಿದ್ದಕ್ಕಿಂತ ಬಾಟ್ಲಿ ಹಿಡಿದಿದ್ದೇ ಜಾಸ್ತಿ ಇವರು" ಎಂದು ಸಾಲಿನ ಆ ತುದಿಯವರೆಗೂ ಕೇಳುವಂತೆ ಹೇಳುತ್ತಿದ್ದಳು. "ಅದೂ ಕುಡೀದೆ! ಕುಡುಕನ ಹೆಂಡ್ತಿ ಆಗಿದ್ರೆ ಜನ ಅಯ್ಯೋ ಪಾಪ ಅಂತಾದ್ರೂ ಅಂತಿದ್ರು."

ನಮ್ಮ ಸಂಸ್ಥೆಯ ಹೆಸರು ನಿಂತಿರುವುದು ಒಂದು ವೈನ್ ಮೇಲೆ. ಹಣ್ಣು ಅಪರೂಪಕ್ಕೆ ಹದವಾಗಿ ಬಂದ ವರ್ಷ ಮಾತ್ರ ಅದನ್ನು ಮಾಡುತ್ತಾರೆ. ಬೇರೆ ವರ್ಷದ ಒಂದು ಹನಿಯನ್ನೂ ಬೆರೆಸುವುದಿಲ್ಲ. ಲೇಬಲ್ ಮೇಲೆ ಆ ವರ್ಷ ಅಚ್ಚಾಗುತ್ತದೆ. ಎಂಟು ವರ್ಷ ಮಲಗಿಸುತ್ತಾರೆ. ಈಚಿನ ವರ್ಷಗಳಲ್ಲಿ ಉಳಿದ ವೈನ್‌ಗಳನ್ನೆಲ್ಲ ಕಬ್ಬಿಣದ ಪಂಜರದ ಯಂತ್ರ ಐನೂರೈನೂರು ಬಾಟಲಿ ತುಂಬಿಕೊಂಡು ವಾರದೊಳಗೆ ತಿರುವಿ ಬಿಸಾಕುತ್ತಿತ್ತು. ಈ ಒಂದಕ್ಕೆ ಮಾತ್ರ ಕೈಯೇ ಆಗಬೇಕೆಂದು ದೊಡ್ಡವರ ಕಾಲದಿಂದ ನಡೆದುಬಂದಿತ್ತು, ಮತ್ತು ಆ ಕೈ ಗಿರಗಿಟ್ಲೆಯದು.

ನಾನು ಹೇಳುತ್ತಿರುವ ವರ್ಷದ ಹಣ್ಣನ್ನು ಅವನ ಹೆಂಡತಿ ಕೊಯ್ದಿದ್ದಳು. ಆಗಲೇ ಕಾಯಿಲೆ ಮೈಗೆ ಹತ್ತಿತ್ತು. ನಿಲ್ಲಲಾಗದೆ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು ಕೊಯ್ದಳು. ಬೇಡವೆಂದವರಿಗೆ, "ಮನೇಲಿ ಮಲಗಿದ್ರೆ ಸಾವು ಬಂದು ಸುಲಭಕ್ಕೆ ಹುಡುಕಿಬಿಡುತ್ತೆ, ತೋಟದಲ್ಲಾದ್ರೆ ಅದೂ ಸ್ವಲ್ಪ ಅಲೆದಾಡ್ಲಿ" ಎಂದಳು. ಅವಳು ಹೋದ ದಿನ ಅವಳ ಹಣ್ಣಿನ ರಸ ಪೀಪಾಯಿಯಲ್ಲಿ ಇನ್ನೂ ನೊರೆಯಾಡುತ್ತಿತ್ತು.

ಎಂಟು ವರ್ಷ ಅವನು ಆ ಬಾಟಲಿಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವು ಮಲಗಿದ್ದ ಓಣಿಯಿಂದ ಹಾದುಹೋಗುವಾಗ ಮಾತ್ರ ಹೆಜ್ಜೆ ನಿಧಾನವಾಗುತ್ತಿತ್ತು. ಹಲಗೆಗೆ ಏರಿಸುವ ದಿನ ಬಂದಾಗ ಪ್ರತಿ ಬಾಟಲಿಯ ತಳಕ್ಕೂ ಸುಣ್ಣದ ಬಿಳಿ ಗೆರೆ ಎಳೆದ. ಎಷ್ಟು ತಿರುವಿದೆ ಎಂದು ತಿಳಿಯುವುದು ಆ ಗೆರೆಯಿಂದಲೇ. ಅರವತ್ತು ಹಲಗೆ, ಏಳು ಸಾವಿರದ ಇನ್ನೂರು ಬಾಟಲಿ. ಮೂರು ಸರದಿಯಲ್ಲಿ ಇಪ್ಪತ್ತಿಪ್ಪತ್ತು ಹಲಗೆ.

"ಇದೊಂದು ದಾಟಿಸಿಬಿಡ್ತೀನಿ ಭಾವ" ಎಂದ. "ಆಮೇಲೆ ಯಂತ್ರಾನೇ ಬರ್ಲಿ, ಭೂತಾನೇ ಬರ್ಲಿ."

ಮೊದಲ ಸರದಿ ನನ್ನ ಕೈಗೆ ಬಂತು. ದೀಪಕ್ಕೆ ಹಿಡಿದರೆ ವೈನ್ ಇದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ತಿಳಿ. ಎರಡನೆಯ ಸರದಿಯ ಮೊದಲ ಹಲಗೆಯಲ್ಲೇ ಮೂರು ಬಾಟಲಿ ಮಬ್ಬಾಗಿದ್ದವು. ಮುಂದಿನದರಲ್ಲಿ ಐದು. ತಿರುವುವಾಗ ಕೈ ಅಲುಗಿದರೆ ಇಳಿಯುತ್ತಿರುವ ಗಸಿ ಹೊಗೆಯಂತೆ ಮತ್ತೆ ಎದ್ದುಬಿಡುತ್ತದೆ.

ಆ ಭಾನುವಾರ ಅವನು ಊಟಕ್ಕೆ ನಮ್ಮ ಮನೆಗೆ ಬಂದಿದ್ದ. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ. ನನ್ನ ಹೆಂಡತಿ ಅವನ ಅಕ್ಕ. ಅವಳ ಕಣ್ಣಿಗೆ ಬೀಳದ್ದು ಇನ್ನೂ ಸೃಷ್ಟಿಯಾಗಿಲ್ಲ.

"ಯಾಕೋ, ಕೈ ಹಂಗೆ ನಡುಗ್ತಿದೆ?"

"ಮೂವತ್ತು ವರ್ಷ ನೆಲಮಾಳಿಗೆ ಚಳಿ ಅಲ್ವಾ ಅಕ್ಕ. ಈಗ ಒಳಗಿಂದ ಹೊರಗೆ ಬರ್ತಿದೆ."

ಅವನು ಹೋದ ಮೇಲೆ ಅವಳು ತಟ್ಟೆ ಎತ್ತುತ್ತಾ, ನನ್ನ ಕಡೆ ನೋಡದೆ, "ರೀ, ಕೆಲಸದಲ್ಲಿ ತೊಂದರೆ ಆಗ್ತಿದ್ಯಾ?" ಎಂದಳು.

"ಒಂದೊಂದು ಬಾಟ್ಲಿ ಮಬ್ಬಾಗ್ತಿದೆ."

"ನೆಲಮಾಳಿಗೆ ಮೇಸ್ತ್ರಿಗೆ ಗೊತ್ತಾ?"

"ಇಲ್ಲ."

"ಇದೊಂದು ಮುಗಿಸ್ಲಿ. ಅಲ್ಲೀತನಕ ನೀವು ಬಾಯಿ ಬಿಡಬೇಡಿ. ಹುಟ್ಟಿದಾಗಿಂದ ಮುಚ್ಚದೆ ಇರೋ ಬಾಯಿ, ಎರಡು ತಿಂಗಳು ಮುಚ್ಚಿದ್ರೆ ತುಕ್ಕು ಹಿಡಿಯಲ್ಲ."

ನಾನು ಬಾಯಿ ಮುಚ್ಚಿದೆ. ಆದರೆ ಕೈ ಸುಮ್ಮನಿರಲಿಲ್ಲ. ಮಬ್ಬಾದ ಬಾಟಲಿಗಳನ್ನು ಮೇಸ್ತ್ರಿಯ ಪಟ್ಟಿಗೆ ಸೇರಿಸದೆ, ಯಾರೂ ಹೋಗದ ಕೊನೆಯ ಓಣಿಯ ಖಾಲಿ ಹಲಗೆಗೆ ಸಾಗಿಸಿದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಮೇಲೆ ಹೋದಾಗ ಅಲ್ಲಿ ನಾನೇ ತಿರುವುತ್ತಿದ್ದೆ. ಮೂವತ್ತು ವರ್ಷ ಪಕ್ಕದಲ್ಲಿ ನಿಂತು ನೋಡಿದವನು, ಬರದೇ ಇರುತ್ತದೆಯೇ ಎಂಬ ಧೈರ್ಯ. ಗಸಿ ಮತ್ತೆ ಇಳಿದರೆ ಸದ್ದಿಲ್ಲದೆ ಸಾಲಿಗೆ ಸೇರಿಸಿಬಿಡೋಣ ಎಂದಿದ್ದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ಕೈಯಲ್ಲಿ ಗಸಿ ಇಳಿಯಲಿಲ್ಲ. ಇಡೀ ಬಾಟಲಿಯಲ್ಲಿ ಮೆರವಣಿಗೆ ಹೊರಟಿತು.

ಒಂದು ದಿನ ಅವನೂ ಊಟಕ್ಕೆ ಹೋಗಲಿಲ್ಲ. ನಾನು ಕೊನೆಯ ಓಣಿಗೆ ಹೋದಾಗ ಆ ಹಲಗೆಯ ಮುಂದೆ ನಿಂತಿದ್ದ. ಬೇರೆ ಯಾರಾದರೂ ಆಗಿದ್ದರೆ ಹಳೆಯ ಬಾಟಲಿಗಳೆಂದು ಮುಂದೆ ಹೋಗುತ್ತಿದ್ದರು. ನಾನು ಮೂಢ, ತಳದ ಬಿಳಿ ಗೆರೆಯನ್ನೇ ಮರೆತಿದ್ದೆ. ಅವನು ಎಳೆದ ಗೆರೆಗಳು ಯಾವಾಗಲೂ ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ. ಇಲ್ಲಿ ಒಂದು ಮೇಲಕ್ಕೆ, ಒಂದು ಅಡ್ಡಕ್ಕೆ, ಒಂದು ಮೂಲೆಗೆ.

"ಗೆರೆ ನಂದು" ಎಂದ. "ಕೈ ಯಾರದು?"

"ನಂದೇ ಕಣೋ."

"ಅದು ಕಾಣ್ತಿದೆ. ಎಮ್ಮೆ ತಿರುವಿದ್ರೂ ಇದಕ್ಕಿಂತ ಚೆನ್ನಾಗಿರ್ತಿತ್ತು." ನನಗೆ ನಗು ಬರುವುದರಲ್ಲಿತ್ತು, ಅವನ ಮುಖ ನೋಡಿ ನಿಂತುಹೋಯಿತು. "ಎಷ್ಟಿವೆ?"

"ತೊಂಬತ್ನಾಲ್ಕು."

"ಎಷ್ಟು ದಿನದಿಂದ?"

"ಮೂರು ವಾರ."

ಒಂದು ಬಾಟಲಿಯನ್ನು ಎಳೆದು ದೀಪಕ್ಕೆ ಹಿಡಿಯಲು ಹೋದ. ಕೈ ನಡುಗಿ ಬಾಟಲಿ ಹಲಗೆಗೆ ಟಕಟಕ ಬಡಿಯಿತು. ತಾನೇ ಅದನ್ನು ಮೆಲ್ಲಗೆ ವಾಪಸು ಸಿಕ್ಕಿಸಿದ.

"ಮೂರು ವಾರ ಅವಳ ವೈನ್ ಕೆಡಿಸ್ತಾ ಇದ್ದೀನಿ. ನೀವು ನೋಡ್ಕೊಂಡು ಸುಮ್ನೆ ಇದ್ರಿ."

"ನಿನಗೋಸ್ಕರ ಕಣೋ. ಇದೊಂದು ನೀನೇ ಮುಗಿಸ್ಬೇಕು ಅಂತ..."

"ನನಗೋಸ್ಕರ ಅಂತ ಯಾಕಂದ್ಕೊಂಡ್ರಿ ಭಾವ? ಕೈ ನಂದೇ ಆಗ್ಬೇಕು ಅಂತಲ್ಲ ನಾನು ಒದ್ದಾಡಿದ್ದು. ಅವಳದ್ದು ತಿಳಿಯಾಗಿ ಹೊರಗೆ ಹೋಗ್ಬೇಕು ಅಂತ. ಮೊದಲನೇ ದಿನ ಹೇಳಿದ್ರೆ ಮೊದಲನೇ ದಿನಾನೇ ನಿಲ್ಲಿಸ್ತಿದ್ದೆ."

ಚಂದ್ರನವರೆಗೆ ಮಾತು ಎಳೆಯುವವನಿಗೆ ಆ ಓಣಿಯಲ್ಲಿ ಒಂದು ಗೇಣು ಮಾತೂ ಸಿಗಲಿಲ್ಲ.

ಅವನು ನೇರ ಮೇಸ್ತ್ರಿಯ ಕೋಣೆಗೆ ನಡೆದ. ನಾನು ಹಿಂದೆ ಹೋದೆ, ಬಾಗಿಲಲ್ಲೇ ನಿಂತೆ. ಮೇಸ್ತ್ರಿ ಕಟ್ಟುನಿಟ್ಟಿನ ಹೆಂಗಸು. ಅವರು ನಕ್ಕಿದ್ದನ್ನು ನೋಡಿದವರು ಯಾರೂ ಬದುಕಿಲ್ಲ ಎಂದು ನಾನೇ ಹಬ್ಬಿಸಿದ್ದೆ. ಅವನು ತೊಂಬತ್ನಾಲ್ಕು ಬಾಟಲಿಯ ವಿಷಯವನ್ನೂ ತನ್ನದೇ ತಪ್ಪು ಎಂಬಂತೆ ಒಪ್ಪಿಸಿದ. ನನ್ನ ಹೆಸರೆತ್ತಲಿಲ್ಲ.

"ಕೊನೇ ಸರದಿ ಯಂತ್ರಕ್ಕೆ ಹಾಕ್ಸಿ ಅಮ್ಮಾ. ಈ ತೊಂಬತ್ನಾಲ್ಕನ್ನೂ."

ಅವರು ಅವನ ಕೈಯನ್ನೇ ನೋಡುತ್ತಾ ಕೂತರು. "ಕುರ್ಚಿ ಎಳ್ಕೊಳಪ್ಪ" ಎಂದರು. ಅಷ್ಟು ವರ್ಷದಲ್ಲಿ ಅವರು ಯಾರಿಗೂ ಕುರ್ಚಿ ಹೇಳಿದ್ದಿಲ್ಲ. ಅವನು ಕೂರಲಿಲ್ಲ.

ಯಂತ್ರ ಕೆಲಸ ಮಾಡಿದ ಅಷ್ಟೂ ದಿನ ಅವನು ಬೆಳಿಗ್ಗೆ ಬಂದು ಪಂಜರದ ಎದುರು ಗೋಡೆಗೊರಗಿ ನಿಲ್ಲುತ್ತಿದ್ದ. ಕೆಲವು ಗಂಟೆಗೊಮ್ಮೆ ಅದು ಗರ್ ಎಂದು ಹೊರಳಿ ಸುಮ್ಮನಾಗುತ್ತಿತ್ತು. ಅವನ ಬೆರಳುಗಳೂ ಜೇಬಿನಲ್ಲಿ ಹೊರಳುತ್ತಿದ್ದವು. ನನ್ನ ಜೊತೆ ಮಾತು ಬಿಟ್ಟಿದ್ದ. ನನ್ನ ಬಾಯಿ ಮುಚ್ಚಿಸಿದ್ದು ಯಾರೆಂದು ಊಹಿಸಿ, ಅಕ್ಕನ ಜೊತೆಯೂ.

ಯಂತ್ರದ ಮೊದಲ ಬಾಟಲಿ ನನ್ನ ಮೇಜಿಗೆ ಬಂದಾಗ ಅವನು ಬಂದು ಪಕ್ಕದಲ್ಲಿ ನಿಂತ. ನಾನು ದೀಪಕ್ಕೆ ಹಿಡಿದೆ. ಅಂಥ ತಿಳಿಯನ್ನು ನಾನು ಕಂಡಿರಲಿಲ್ಲ. ಒಂದು ಚೂರು ಮಬ್ಬಾದರೂ ಇರಬಾರದೇ ಎಂದು ತಿರುಗಿಸಿ ತಿರುಗಿಸಿ ನೋಡಿದೆ.

"ಹೇಗಿದೆ?" ಎಂದ.

"ತಿಳಿಯಾಗಿದೆ."

"ನನ್ನ ಮೊದಲನೇ ಸರದಿಗಿಂತ?"

ಜೀವಮಾನವಿಡೀ ಒಂದನ್ನು ಹತ್ತು ಮಾಡಿ ಹೇಳಿದವನು ನಾನು. ಒಂದೇ ಒಂದು ಸುಳ್ಳು, ಅವನಿಗೆ ಬೇಕಾದ ಸುಳ್ಳು, ನಾಲಿಗೆಯ ತುದಿಯಲ್ಲಿತ್ತು.

"ಹೂಂ" ಎಂದೆ. "ನಿನ್ನದಕ್ಕಿಂತ."

ಅವನು ತಲೆಯಾಡಿಸಿದ. "ಒಳ್ಳೇದಾಯ್ತು" ಎಂದು ನಿಜಕ್ಕೂ ನೆಮ್ಮದಿಯಾದವನ ಹಾಗೆ ಹೇಳಿ, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಹೋದ. ಸಾಲಿನಲ್ಲಿ ಬಾಟಲಿಗಳು ಕಾಯುತ್ತಿದ್ದವು. ನಾನು ಅವನ ಹೆಜ್ಜೆಯ ಸದ್ದು ಪೂರ್ತಿ ನಿಲ್ಲುವವರೆಗೆ ಮುಚ್ಚಳ ಕೀಳಲಿಲ್ಲ.