‘ಯಾರೂ ಇಲ್ಲ’ ಎಂದು ಬರೆದುಕೊಂಡದ್ದು

ಕೊಕ್ಕನೂರಿನ ಆ ಹೆಂಗಸು ಅದನ್ನು ನಗುತ್ತಾ ಹೇಳಿದರೋ, ಸುಮ್ಮನೆ ಹೇಳಿದರೋ ಈಗ ಖಚಿತವಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಎರಡೇ ಪದಗಳಿವೆ: ಯಾರೂ ಇಲ್ಲ. ನಗುವನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ಆದರೆ ಅವರು ನಗುತ್ತಾ ಹೇಳಿದ್ದರೆ ನನ್ನ ತಪ್ಪು ಇನ್ನೂ ದೊಡ್ಡದಾಗುತ್ತದೆ. ಹಾಗಿರುವಾಗ ಯಾಕೆ ಸೇರಿಸಿಕೊಳ್ಳಲಿ?

ಆಗ ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಜೊತೆಗೆ ಪಿಎಚ್.ಡಿ. ಜನ ಒಬ್ಬರಿಗೊಬ್ಬರು ಆಗುವುದರಿಂದ ಊರು ಹೇಗೆ ಗಟ್ಟಿಯಾಗುತ್ತದೆ ಎಂಬುದು ವಿಷಯ. ಪುಸ್ತಕಗಳಲ್ಲಿ ಅದಕ್ಕೆ ‘ಸಾಮಾಜಿಕ ಬಂಡವಾಳ’ ಎಂಬ ಹೆಸರಿದೆ. ಕೊಕ್ಕನೂರಿನಲ್ಲಿ ನಾನು ಕಂಡದ್ದು ಮುಯ್ಯಾಳು. ಭತ್ತದ ನಾಟಿಗೆ ಇವತ್ತು ಹತ್ತು ಹೆಂಗಸರು ನನ್ನ ಗದ್ದೆಗೆ ಬಂದರೆ ನಾಳೆ ನಾನು ಅವರ ಗದ್ದೆಗೆ, ಕೂಲಿಯಿಲ್ಲ. ಹರಿಹರದಲ್ಲಿ ಬಸ್ಸು ಬದಲಿಸಿ ಹೋಗಿ, ಮನೆಮನೆಯಲ್ಲೂ “ನಿಮ್ಮ ನಾಟಿಗೆ ಯಾರ್ಯಾರು ಬರ್ತಾರೆ?” ಎಂದು ಕೇಳಿ ಬರೆದುಕೊಳ್ಳುತ್ತಿದ್ದೆ.

ಈ ಹೆಂಗಸಿನ ಗಂಡ ತೀರಿಕೊಂಡಿದ್ದರು. ನೀರಾವರಿ ಚಾನೆಲ್ಲಿನ ಕೊನೆಗೆ ಅರ್ಧ ಎಕರೆ ಗದ್ದೆ. ಸೊಂಟ ಬಗ್ಗದ ಕಾರಣ ತಾವೇ ನಾಟಿಗೆ ಇಳಿಯುವಂತಿರಲಿಲ್ಲ.

“ಯಾರೂ ಇಲ್ಲ ಅಂತ ಬರ್ಕಳ್ರಿ ಮೇಡಂ. ಯಾರೂ ಇಲ್ಲದೋರಿಗೆ ಏನಾರ ಬರ್ತೈತೇನು?”

ನಾನು ಸರ್ಕಾರದ ಕಡೆಯವಳು, ದಿಕ್ಕಿಲ್ಲದವರ ಪಟ್ಟಿ ಮಾಡುತ್ತಿದ್ದೇನೆ ಎಂದು ಅವರು ತಿಳಿದಿದ್ದರು. ಅದು ನನಗೆ ಆ ಕ್ಷಣವೇ ಗೊತ್ತಾಯಿತು. “ಇದು ನನ್ನ ಓದಿಗೆ ಅಷ್ಟೇ” ಎಂದು ಬೆಳಿಗ್ಗೆಯಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಇವರಿಗೆ ಮಾತ್ರ “ನೋಡೋಣ” ಎಂದೆ. ಇಡೀ ಊರಿನಲ್ಲಿ ಯಾರೂ ಇಲ್ಲದ ಒಂದು ಮನೆ ಸಿಕ್ಕಿದ್ದು ನನ್ನ ಪ್ರಬಂಧಕ್ಕೆ ಅನುಕೂಲವಾಗಿತ್ತು.

ಕೆಲವು ತಿಂಗಳ ನಂತರ ಸಮುದಾಯ ಭವನದ ಗೋಡೆಗೆ ನನ್ನ ನಕ್ಷೆ ಅಂಟಿಸಿದೆ. ಹಾಗೆ ಮಾಡಲು ಗೈಡ್ ಹೇಳಿದ್ದರು ಎಂದು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ. ಅವರು ಹೇಳಿರಲಿಲ್ಲ, ಅದು ನನ್ನದೇ ಉತ್ಸಾಹ. ಮನೆಗೊಂದು ಸೊನ್ನೆ, ನಾಟಿಗೆ ಬರುವ ಪ್ರತಿಯೊಬ್ಬರಿಗೂ ಒಂದು ಗೆರೆ. ಹೆಸರು ಹಾಕಿರಲಿಲ್ಲ, ಆದರೆ ಓಣಿಯಲ್ಲಿ ಮನೆಗಳು ಇದ್ದ ಸಾಲಿನಲ್ಲೇ ಬರೆದಿದ್ದೆ. ಊರ ಹೆಂಗಸರು ಗೋಡೆಯ ಮುಂದೆ ಸೇರಿ, ನಗುತ್ತಾ ತಮ್ಮ ಮನೆ ಹುಡುಕತೊಡಗಿದರು.

“ನಂದು ಯಾವುದೇ?”

“ಅಲ್ನೋಡು, ಜೇಡರ ಬಲಿ ಇದ್ದಂಗೈತಲ್ಲ, ಅದೇ. ನಿನಗೆ ಊರೆಲ್ಲಾ ನೆಂಟರು.”

“ಈ ಬೋಳು ಸೊನ್ನಿ ಯಾರದು?”

ನಗು ನಿಂತಿತು. ಎಲ್ಲರೂ ಹಿಂದೆ ನಿಂತಿದ್ದ ಆ ಹೆಂಗಸಿನ ಕಡೆ ತಿರುಗಿದರು. ಪಕ್ಕದ ಮನೆಯಾಕೆಯೇ ಮೊದಲು ಬಾಯಿ ತೆಗೆದದ್ದು.

“ಅಲ್ಲಕ್ಕಾ, ವರ್ಷಾ ವರ್ಷಾ ನಾಟಿ ಕಡೀ ದಿನ ನಿನ್ನ ಗದ್ಯಾಗ ಇಳಿಯೋರು ಯಾರು? ದೆವ್ವಗಳೇನು?”

ಎಲ್ಲರ ನಾಟಿ ಮುಗಿದ ಮೇಲೆ ಊರ ಹೆಂಗಸರು ಕರೆಯದೆಯೇ ಅವರ ಗದ್ದೆಗೆ ಹೋಗುತ್ತಿದ್ದರಂತೆ. ನಾಟಿಯ ದಿನಗಳಲ್ಲಿ ಎಲ್ಲರ ಕೂಸುಗಳನ್ನೂ ಬದುವಿನ ಮೇಲೆ ಕೂತು ನೋಡಿಕೊಳ್ಳುತ್ತಿದ್ದವರು ಅವರೇ. ನನ್ನ ನೋಟ್‌ಬುಕ್ಕಿನಲ್ಲಿ ಇದು ಎಲ್ಲೂ ಇರಲಿಲ್ಲ.

“ಪಿಂಚಣಿ ಆಸಿಗೆ ನಮ್ಮನ್ನೆಲ್ಲಾ ಸಾಯಿಸಿಬಿಟ್ಳು ನೋಡ್ರೇ” ಎಂದಳು ಇನ್ನೊಬ್ಬಳು.

“ನಾನು ಹಂಗೆ ಹೇಳಿಲ್ಲ” ಎಂದರು ಅವರು. “ಈ ಮೇಡಮ್ಮಾರೇ ತಪ್ಪು ಬರ್ಕಂಡಾರೆ. ಕೇಳ್ರಿ ಬೇಕಾದ್ರೆ.”

ಎಲ್ಲರೂ ನನ್ನ ಮುಖ ನೋಡಿದರು. ಹೌದು, ತಪ್ಪು ಬರೆದುಕೊಂಡೆ ಎಂದಿದ್ದರೆ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

“ಇಲ್ಲ, ನೀವೇ ಹೇಳಿದ್ರಿ” ಎಂದೆ.

ನೋಟ್‌ಬುಕ್ಕನ್ನು ಎತ್ತಿ ತೋರಿಸಲಿಲ್ಲ ಎಂದು ಬಹಳ ದಿನ ನಂಬಿದ್ದೆ. ತೋರಿಸಿದ್ದೆ.

ಮುಂದಿನ ನಾಟಿಯ ಕಾಲದಲ್ಲಿ ಒಂದು ಸಂಜೆ ಮತ್ತೆ ಹೋದೆ. ಸುತ್ತಲಿನ ಗದ್ದೆಗಳೆಲ್ಲ ಹಸಿರಾಗಿದ್ದವು. ಚಾನೆಲ್ಲಿನ ಕೊನೆಯ ಆ ಗದ್ದೆಯಲ್ಲಿ ಬರೀ ನೀರು. ಮೂಲೆಯ ಸಸಿಮಡಿಯಲ್ಲಿ ಸಸಿ ನಾಟಿಯ ಹದ ಮೀರಿ ಬಲಿತು ನಿಂತಿತ್ತು. ಅವರ ಮನೆಯ ಬಾಗಿಲು ತಟ್ಟುವ ಧೈರ್ಯವಾಗದೆ ಪಕ್ಕದ ಮನೆಗೆ ಹೋದೆ.

“ಯಾರೂ ಇಲ್ಲ ಅಂದೋರ ಗದ್ದಿಗೆ ನಾವು ಹೆಂಗೆ ಹೋಗದು?” ಎಂದಳು ಆ ಮನೆಯಾಕೆ. “ಕರೀಲಿ, ಹೋಗ್ತೀವಿ. ಆಕಿ ಕರಿಯಂಗಿಲ್ಲ.”

ನಾನು ಎಲ್ಲ ಹೇಳಿದೆ. ಏನೋ ಬರುತ್ತದೆಂದು ಅವರು ತಿಳಿದದ್ದು, ನನಗೆ ಗೊತ್ತಿದ್ದೂ ತಿದ್ದದೆ ‘ನೋಡೋಣ’ ಎಂದದ್ದು. ಆಕೆ ಕೇಳಿಸಿಕೊಂಡಳು.

“ಇದನ್ನ ಅವತ್ತೇ ಎಲ್ಲಾರ ಮುಂದೆ ಹೇಳ್ಬೇಕಿತ್ತು ನೋಡ್ರಿ. ನನಗೊಬ್ಬಾಕಿಗೆ ಹೇಳಿದ್ರೆ ಏನು ಬಂತು? ನಾಳೆ ನಮ್ಮ ನಾಟಿ, ಊರಾಗ ಅದೇ ಕಡೀದು. ಎಲ್ಲಾರೂ ಇರ್ತಾರೆ. ಬಂದು ಹೇಳ್ರಿ.”

“ನಾಳೆ ಕ್ಲಾಸ್ ಇದೆ” ಎಂದೆ.

ಆಕೆ ಮತ್ತೆ ಕರೆಯಲಿಲ್ಲ. ಹರಿಹರದ ಬಸ್ಸು ಹತ್ತಿದೆ.

ಇದನ್ನು ಬರೆಯುವ ಮುಂಚೆ ಆ ವರ್ಷದ ಡೈರಿ ತೆಗೆದು ನೋಡಿದೆ. ನಾನು ಹೋಗಿದ್ದು ಶನಿವಾರ. ಮರುದಿನ ಯಾವ ಕ್ಲಾಸೂ ಇರಲಿಲ್ಲ. ಆ ಗದ್ದೆಗೆ ಯಾರಾದರೂ ಇಳಿದರೋ ಇಲ್ಲವೋ ಎಂದು ನಾನು ಇವತ್ತಿನವರೆಗೂ ವಿಚಾರಿಸಿಲ್ಲ.