ಒಮ್ಮೆ ಬಂದು ಹೋದದ್ದು

ಕೊರೋನಾ ನನಗೆ ಮೊದಲ ವರ್ಷವೇ ಬಂದು ಹೋಗಿತ್ತು. ಚಿತ್ರದುರ್ಗದ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಕೋಣೆ ಹಿಡಿದು ಮಲಗಿ, ಹೆಂಡತಿಗೆ ಅಂಟಿಸದೆ ಎದ್ದೆ. ಎದ್ದ ಮೇಲೆ ಜಂಬ ಹತ್ತಿತು.

ಮರುವರ್ಷ ಹೊಸದುರ್ಗದಲ್ಲಿದ್ದ ಅಕ್ಕ ಅದೇ ರೋಗ ಬಂದು ಮಲಗಿದಳು. ಗಂಡ ತೀರಿಕೊಂಡವಳು. ಗಂಜಿ ಕಾಯಿಸಿ ಕೊಡಲೂ ಯಾರೂ ಇಲ್ಲ. ಹಿರಿಯೂರು ಕಡೆಯ ನಮ್ಮೂರಲ್ಲಿದ್ದ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಜೀವಮಾನವೆಲ್ಲ ಕುರಿ ಕಾದವನು.

"ನೀನೇ ಹೋಗಲೇ. ನಿನಗೆ ಬಂದು ಹೋಗೈತೆ. ಸಿಡುಬು ಎದ್ದು ಉಳಿದ ಕುರಿಗೆ ಮತ್ತೆ ಬಂದಿದ್ದು ನಾನಂತೂ ಕಂಡಿಲ್ಲ."

ನಮ್ಮ ಮನೆಯ ಪದ್ಧತಿಯೇ ಅದು. ಹಿಂಡಿಗೆ ಸಿಡುಬು ಬಿದ್ದರೆ ಕಾಯಿಲೆಯವನ್ನು ಬೇರೆ ದೊಡ್ಡಿಗೆ ಹಾಕಿ, ತಾಯಿ ಸತ್ತ ಮರಿಗಳಿಗೆ ಹಾಲೂಡಿಸಲು ಹಿಂದೆ ಸಿಡುಬು ಗೆದ್ದ ಕುರಿಯನ್ನೇ ಒಳಗೆ ಬಿಡುತ್ತಿದ್ದರು. ಮಕ್ಕಳಿಗೆ ವಿಜ್ಞಾನ ಕಲಿಸುವ ಮೇಷ್ಟ್ರು ನಾನು, ನನ್ನ ಬುದ್ಧಿಗಿಷ್ಟು! ಆ ಕುರಿಯಂತೆಯೇ ನಾನೂ ಎಂದು ನಂಬಿಬಿಟ್ಟೆ.

ಬಸ್ಸುಗಳು ನಿಂತಿದ್ದವು. ಬೈಕಿನಲ್ಲಿ ಹೊಳಲ್ಕೆರೆ ದಾಟಿ ಹೋದೆ. ನಾಲ್ಕು ದಿನ ಅಕ್ಕನಿಗೆ ಗಂಜಿ ಕುಡಿಸಿದೆ, ಬೆನ್ನು ನೀವಿದೆ. ಮಾಸ್ಕ್ ಜೇಬಿನಲ್ಲೇ ಇತ್ತು. ಅಕ್ಕ ಎದ್ದು ಕೂತಳು. ಬೀಗುತ್ತಾ ಮನೆಗೆ ಬಂದು ಹೆಂಡತಿಯ ಪಕ್ಕದಲ್ಲೇ ಕೂತು ಉಂಡೆ. ಒಂದು ದಿನ ಗಂಟಲು ಕೆರೆಯಿತು. ದಾರಿಯ ಧೂಳು ಎಂದುಕೊಂಡೆ.

ನಾನು ಮನೆಗೆ ಬಂದ ಐದನೇ ದಿನ ಹೆಂಡತಿಗೆ ಜ್ವರ. ಅವಳಿಗಿನ್ನೂ ಲಸಿಕೆ ಸಿಕ್ಕಿರಲಿಲ್ಲ. ಮುಂದಿನ ವಾರ ಆಸ್ಪತ್ರೆ, ಆಕ್ಸಿಜನ್.

"ಇವಳು ಮನೆ ಬಿಟ್ಟು ಹೊರಗೇ ಹೋಗಿಲ್ಲ, ಎಲ್ಲಿಂದ ಬಂತು?" ಎಂದು ವರಾಂಡದಲ್ಲಿ ಡಾಕ್ಟರಮ್ಮನ ಮೇಲೆ ರೇಗಿದೆ. ನಾನೆಲ್ಲಿಗೆ ಹೋಗಿದ್ದೆ, ನನಗೇನಾಗಿತ್ತು ಎಂದು ಅವರು ಒಂದೊಂದಾಗಿ ಕೇಳಿದರು.

"ನಿಮ್ಮ ಮೈ ಹಳೇ ರೋಗನ ನೆನಪಿಟ್ಕಂಡೈತೆ ಸರ್. ಅದಕ್ಕೇ ಒಂದೇ ದಿನಕ್ಕೆ ಮುಗೀತು. ಹಂಗಂತ ಮತ್ತೆ ಬರಲ್ಲ, ಇನ್ನೊಬ್ರಿಗೆ ದಾಟಲ್ಲ ಅಂತಲ್ಲ. ಅವ್ರ ಮೈಗೆ ಇದು ಹೊಸದು."

ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಹಾಗಾದರೆ ನನ್ನ ರಕ್ತವನ್ನೇ ಅವಳಿಗೆ ಕೊಡಿ, ಅದರಲ್ಲಿ ಆ ನೆನಪು ಇದೆಯಲ್ಲ ಎಂದು ತೋಳು ಚಾಚಿದೆ. ಈಗ ಅದರಿಂದ ಪ್ರಯೋಜನವಿಲ್ಲ ಎಂದು ಹೇಳಿ ಅವರು ಬೇರೆ ರೋಗಿಯ ಕಡೆ ಹೋದರು.

ಒಮ್ಮೆ ಬಂದು ಹೋದವನೆಂದು ನನ್ನನ್ನು ವಾರ್ಡಿನ ಒಳಗೆ ಬಿಟ್ಟರು. ಹೆಂಡತಿ ಆಕ್ಸಿಜನ್ ಮಾಸ್ಕನ್ನು ಚೂರು ಎತ್ತಿ, "ಅಕ್ಕ ಹೆಂಗದಾರೆ?" ಎಂದಳು. ಚೆನ್ನಾಗಿದ್ದಾಳೆ ಎಂದೆ.

"ನಿಮಗೆ ಮೊದ್ಲೇ ಬಂದು ಹೋಗಿದ್ದು ಪುಣ್ಯ ಕಣ್ರೀ. ಇಲ್ಲಿ ಯಾರ ಹತ್ರಾನೂ ಮನೆಯೋರಿಲ್ಲ. ನನ್ನ ಹತ್ರ ನೀವದೀರಿ."

ತಂದುಕೊಟ್ಟವನು ನಾನೇ ಎಂದು ಹೇಳಬೇಕಿತ್ತು. ಅವಳು ಎತ್ತಿದ್ದ ಮಾಸ್ಕನ್ನು ಮತ್ತೆ ಮೂಗಿಗೆ ಕೂರಿಸಿದೆ. ಇನ್ನೆರಡು ದಿನ ಅವಳು ನನ್ನ ಕೈ ಹಿಡಿದುಕೊಂಡು, ನನಗೆ ಬಂದು ಹೋದದ್ದನ್ನು ಪುಣ್ಯ ಎಂದುಕೊಂಡೇ ಬದುಕಿದ್ದಳು.